ಹಾಲೆರೆದರಷ್ಟೇ ದಯೆಯಲ್ಲ



ಬೀದಿಯ ಹೆಣ್ಣು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಪ್ರಕೃತಿಗೆ ವಿರುದ್ಧ ಎನ್ನುವವರಿದ್ದಾರೆ. ಎಂಜಿನಿಯರಾಗಿದ್ದ ನಾನು ಲೆಕ್ಕವನ್ನೇ ಮುಂದಿಡುತ್ತೇನೆ. ಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭ ಸುಮಾರು 65 ದಿನ. ಮರಿಗಳು ಹಾಲು ಬಿಡುವ ಮೊದಲೇ ಮತ್ತೆ ಬಸಿರಾಗಬಹುದು. ವರ್ಷಕ್ಕೆ 2-3 ಸಲ ಹೆತ್ತು, ಅರೆಹೊಟ್ಟೆಯಲ್ಲಿ ಹಾಲೂಡಿಸಿ ಅದರ ದೇಹ ಸವೆಯುತ್ತದೆ. ಅಂಡಾಶಯ, ಗರ್ಭಕೋಶ ತೆಗೆಸಿದರೆ ಈ ಬವಣೆ ತಪ್ಪುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ಇಲ್ಲ. 6 ತಿಂಗಳೊಳಗೆ ಮಾಡಿಸಿದರೆ ಸ್ತನ ಕ್ಯಾನ್ಸರಿನ ಸಂಭವ ಬಹಳ ಇಳಿಯುತ್ತದೆ. ‘ಒಂದು ಸಲವಾದರೂ ಮರಿ ಹಾಕಲಿ’ ಎಂಬ ಮಾತಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ.

ದಾಸೋಹದ ಮನೆಯ ಬಳಿ ಬೆಕ್ಕಿಗೆ ಹಾಲೆರೆಯುವವರು ಅದನ್ನು ಪಶುವೈದ್ಯರ ಬಳಿಗೂ ಒಯ್ಯಬೇಕೆಂದು ನನ್ನ ವಿನಂತಿ.