ಬರೆಯದೆ ಬಿಟ್ಟ ಫಾರಂ

ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ: "ಸಾರ್, ಇಲ್ಲಿ ಸರ್ಕಾರಿ ಆಸ್ಪತ್ರೆ ಒಳ್ಳೇದಾ, ಪ್ರೈವೇಟಾ?" ಎಮಿರೇಟ್ಸ್‌ನಲ್ಲಿ ಎರಡೂ ಕಡೆ ಔಷಧಿ ಕೌಂಟರಿನಲ್ಲಿ ನಿಂತವನು ನಾನು. ರಜೆಯ ಲೆಕ್ಕವಾದರೆ ಉತ್ತರ ಸುಲಭ. 2022ರ ಜನವರಿಯಿಂದ ಫೆಡರಲ್ ಸರ್ಕಾರಿ ಕಚೇರಿಗಳಿಗೆ ವಾರಕ್ಕೆ ನಾಲ್ಕೂವರೆ ದಿನ ಕೆಲಸ. ಖಾಸಗಿಯವರಿಗೆ ಕಾನೂನಿನ ಮಿತಿ ವಾರಕ್ಕೆ 48 ಗಂಟೆ. (ಆಸ್ಪತ್ರೆಯಲ್ಲಿ ಶಿಫ್ಟ್ ಯಾರಿಗೂ ತಪ್ಪಿದ್ದಲ್ಲ ಬಿಡಿ.) ನನಗೆ ನಿಜವಾದ ವ್ಯತ್ಯಾಸ ಕಂಡದ್ದು ಕೈತಪ್ಪಾದಾಗ.

ಹೈಡ್ರಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಅಕ್ಕಪಕ್ಕ. ಪ್ರೈವೇಟಿನಲ್ಲಿದ್ದಾಗ ಒಂದು ರಾತ್ರಿ ಮೊದಲನೆಯದರ ಬದಲು ಎರಡನೆಯದನ್ನು ಚೀಲಕ್ಕೆ ಹಾಕಿಬಿಟ್ಟೆ. ಕೊಡುವಾಗ "ಖುಜ್ಲಿ ಕಬ್ ಸೆ, ಚಾಚಾ?" ಅಂದೆ. "ಖುಜ್ಲಿ ನಹೀ, ಬೀಪಿ!" ಅಂದರು ಆ ಹಿರಿಯರು. ಎದೆ ಧಸಕ್ಕೆಂದಿತು.

ರೋಗಿಗೆ ತಲುಪುವ ಮುಂಚೆ ಸಿಕ್ಕಿಬಿದ್ದ ತಪ್ಪಿಗೂ ವರದಿ ಫಾರಂ ಇರುತ್ತದೆ. ಡ್ರಾಯರಿನಿಂದ ತೆಗೆದೆ, ಮತ್ತೆ ಒಳಗಿಟ್ಟೆ. ಕಾಂಟ್ರಾಕ್ಟ್ ನವೀಕರಣಕ್ಕೆ ಎರಡೇ ತಿಂಗಳಿತ್ತು. ಮಗಳ ಶಾಲೆ, ಮನೆ ಬಾಡಿಗೆ, ಎಲ್ಲ ಆ ವೀಸಾದ ಮೇಲೆ ನಿಂತಿದ್ದವು. ಅಲ್ಲಿನ ಮೀಟಿಂಗಿನಲ್ಲಿ ಮೊದಲ ಪ್ರಶ್ನೆಯೇ "ಯಾರು ಮಾಡಿದ್ದು?" ಎಲ್ಲ ಪ್ರೈವೇಟ್ ಆಸ್ಪತ್ರೆಗಳೂ ಹಾಗಲ್ಲ, ಅದು ಹಾಗಿತ್ತು. ಬೆಳಿಗ್ಗೆ ಇನ್‌ಚಾರ್ಜ್‌ಗೆ "ಇವೆರಡನ್ನ ದೂರ ಇಡೋಣ" ಅಂದೆ ಅಷ್ಟೆ. ಹತ್ತು ನಿಮಿಷದಲ್ಲಿ ಶೆಲ್ಫ್ ಬದಲಾಯಿತು. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸರ್ಕಾರಿ ಕಡೆ ಸೇರಿದ ಮೇಲೆ ಅದೇ ಜೋಡಿ ಸಹೋದ್ಯೋಗಿಯೊಬ್ಬಳ ಕೈಯಲ್ಲಿ ಅದಲುಬದಲಾಯಿತು. ಅವಳು ಫಾರಂ ತುಂಬಿದಳು, ಚಹಾ ಕುಡಿಯಲು ಹೋದಳು. ನನಗೇ ಗಾಬರಿ! ಅಲ್ಲೂ ವೀಸಾ ಮಾಲೀಕರದ್ದೇ, ಆದರೆ ಬರೆದವರ ಹೆಸರು ಹಿಡಿದು ಗದರುವ ರೂಢಿ ಇರಲಿಲ್ಲ. ಕಡತ ಸಮಿತಿಗೆ ಹೋಯಿತು. ಸಹಿಯ ಮೇಲೆ ಸಹಿ. ಶೆಲ್ಫ್ ಬದಲಾಗಲು ಮೂರು ತಿಂಗಳು! ಅಲ್ಲಿಯತನಕ ಒಂದು ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ ನಾವೇ ದಿನ ದೂಡಿದೆವು. ಕೊನೆಗೆ ಬಂದ ಹೊಸ ಲೇಬಲ್ಲಿನಲ್ಲಿ, ಎರಡು ಹೆಸರು ಬೇರೆಯಾಗುವ ಭಾಗವಷ್ಟೇ ದಪ್ಪ ದೊಡ್ಡಕ್ಷರದಲ್ಲಿತ್ತು. ನಮಗೆ ಮಾತ್ರವಲ್ಲ, ಅದೇ ಆಡಳಿತದ ಎಲ್ಲ ಫಾರ್ಮಸಿಗಳಿಗೂ ಬಂತು.

ಆ ಲೇಬಲ್ ಅಂಟಿಸುತ್ತಿದ್ದಾಗ ಹಳೆಯದೊಂದು ನೆನಪಾಯಿತು. ಪ್ರೈವೇಟ್ ಬಿಡುವ ಮುಂಚೆ ಅವರದೇ ಇನ್ನೊಂದು ಶಾಖೆಗೆ ಎರಡು ದಿನ ಬದಲಿ ಡ್ಯೂಟಿಗೆ ಹೋಗಿದ್ದೆ. ಅಲ್ಲಿ ಅವೆರಡು ಡಬ್ಬಿ ಇನ್ನೂ ಅಕ್ಕಪಕ್ಕದಲ್ಲೇ ಇದ್ದವು.