ಹರಿದ ಅಂಗಿ ದಾನವಲ್ಲ: ಮೊದಲು ಸೂಜಿ ಹಿಡಿಯೋಣ



ಕ್ರಿಸ್ತಜಯಂತಿ ಹತ್ತಿರ ಬಂತೆಂದರೆ ದೇವಾಲಯದ ಜಗುಲಿಗೆ ಹಳೆ ಬಟ್ಟೆಯ ಮೂಟೆಗಳು ಬಂದು ಬೀಳುತ್ತವೆ. ಮಸಿನಗುಡಿ ಕಡೆಯ ಹಾಡಿಗಳಿಗೆ ಕೊಡಿ, ಗೂಡಲೂರಿನ ತೋಟದ ಲೈನ್ ಮನೆಗಳಿಗೆ ಕೊಡಿ ಎಂದು ಹೇಳಿ ಹೋಗುತ್ತಾರೆ. ಬಿಚ್ಚಿ ವಿಂಗಡಿಸುವ ಕೆಲಸ ಯುವಜನರದ್ದು. ಒಗೆದು ಮಡಿಸಿ, ಇಸ್ತ್ರಿ ಹಾಕಿ ತಂದುಕೊಡುವ ಮನೆಗಳೂ ಇವೆ, ಅವರಿಗೆ ನಮ್ಮ ನಮಸ್ಕಾರ. ಆದರೆ ಮೂಟೆಗಳಲ್ಲಿ ಹೆಚ್ಚಾಗಿ ಸಿಗುವುದು ಜಿಪ್ ಕೆಟ್ಟ ಪ್ಯಾಂಟು, ಗುಂಡಿ ಇಲ್ಲದ ಶರ್ಟು, ಮೊಣಕೈ ತೂತಾದ ಸ್ವೆಟರು, ಒಗೆಯದೆ ತುರುಕಿದ ಮಕ್ಕಳ ಬಟ್ಟೆ. ಇದಕ್ಕೆ ದಾನ ಎಂಬ ಹೆಸರು ಬೇಡ. ಇದು ನಮ್ಮ ಮನೆಯ ಕಸವನ್ನು ಬಡವರ ಮನೆಗೆ ಸಾಗಿಸುವ ಕೆಲಸ.

“ಬೇಕಾದವರು ಹೊಲಿದುಕೊಳ್ಳುತ್ತಾರೆ ಬಿಡಿ” ಎನ್ನುವವರಿದ್ದಾರೆ. ಬೆಳಿಗ್ಗೆ ಟೀ ಸೊಪ್ಪು ಕೀಳಲು ಹೋಗಿ ಸಂಜೆ ಮನೆ ಸೇರುವ ತಾಯಿಗೆ ಹೊಲಿಯಲು ಬಿಡುವಿದೆ, ಭಾನುವಾರ ಮಧ್ಯಾಹ್ನ ಮೊಬೈಲ್ ಹಿಡಿದು ಕೂರುವ ನಮಗೆ ಬಿಡುವಿಲ್ಲವೇ? ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಯೊಪ್ಪದ ತಬಿಥಾಳನ್ನು ನೋಡಿ. ಅವಳು ತೀರಿಹೋದಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ತನ್ನ ಕೈಯಾರೆ ಮಾಡಿಕೊಟ್ಟ ಉಡುಪುಗಳನ್ನು. ಮನೆಯಲ್ಲಿ ಬೇಡವಾದದ್ದನ್ನು ಮೂಟೆ ಕಟ್ಟಿ ಕೊಟ್ಟಿದ್ದರೆ ಹಾಗೆ ಎತ್ತಿ ತೋರಿಸಲು ಅವರಿಗೆ ಏನಿರುತ್ತಿತ್ತು?

ಸೂಜಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ನೆಪ ಹೇಳುವ ಹಕ್ಕೇ ಇಲ್ಲ. 1949ರಲ್ಲಿ ಆರಂಭವಾದ ನೀಡಲ್ ಇಂಡಸ್ಟ್ರೀಸ್ ಕಂಪನಿಯ ಕಾರ್ಖಾನೆ ಇರುವುದು ಊಟಿಗೂ ಕೂನೂರಿಗೂ ನಡುವಿನ ಕೇತ್ತಿಯಲ್ಲಿ. ಕೈಹೊಲಿಗೆ ಸೂಜಿ, ಹೆಣಿಗೆ ಕಡ್ಡಿ, ಕ್ರೋಶಾ ಕಡ್ಡಿ ಎಲ್ಲವೂ ಅದರ ‘ಪೋನಿ’ ಹೆಸರಿನಲ್ಲಿ ಹೊರದೇಶಗಳಿಗೂ ಹೋಗುತ್ತವೆ. ಇದೇ ಬೆಟ್ಟದಲ್ಲಿ ತೋಡ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಿಂದ ಕಸೂತಿ ಹಾಕುತ್ತಾರೆ. ಬಟ್ಟೆಗೆ ಚೌಕಟ್ಟಿಲ್ಲ, ಮೇಲೆ ಬರೆದ ಗುರುತಿಲ್ಲ, ಎಲ್ಲವೂ ಎಳೆ ಎಣಿಸಿ. 2013ರಲ್ಲಿ ಆ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಇಂಥ ಊರಿನಲ್ಲಿ ಹುಟ್ಟಿ, ಡಿಗ್ರಿ ಮುಗಿಸಿ, ಒಂದು ಗುಂಡಿ ಹಾಕಲು ಅಮ್ಮನನ್ನು ಕೂಗುವ ಹುಡುಗರಿದ್ದಾರೆ. ಇದನ್ನು ಹೆಣ್ಣುಮಕ್ಕಳ ಕೆಲಸ ಎನ್ನುವವರು ನಮ್ಮೂರಿನ ಟೈಲರ್ ಅಂಗಡಿಗಳಲ್ಲಿ ಮಷೀನ್ ತುಳಿಯುವ ಗಂಡಸರನ್ನು ಒಮ್ಮೆ ನೋಡಿ ಬರಲಿ.

ತೇಪೆ ಹಾಕಿದ್ದನ್ನು ಉಟ್ಟರೆ ಬಡತನ ಕಾಣುತ್ತದೆ ಎಂಬುದು ಇನ್ನೊಂದು ಮಾತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ಅದು. ಮೂಲೆಗಳಿಗೆ ಹೂವಿನ ತುಂಡು ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಅವರಲ್ಲಿ ಕಥೋಲಿಕರಾದವರು ಕೆಲವೊಮ್ಮೆ ತುಂಡುಗಳಲ್ಲಿ ಶಿಲುಬೆಯನ್ನೂ ಕೂರಿಸುತ್ತಾರೆ. ತೇಪೆಯ ಬಟ್ಟೆಯಲ್ಲೇ ತಮ್ಮ ವಿಶ್ವಾಸವನ್ನು ಹೊಲಿದಿಟ್ಟ ಅವರ ಮುಂದೆ ಕೂತು ತೇಪೆ ನಾಚಿಕೆ ಎಂದು ಹೇಳಲು ನಮಗೆ ಬಾಯಿ ಬಂದೀತೇ?

“ಹೊಸದೇ ಅಗ್ಗ, ರಿಪೇರಿ ಯಾಕೆ?” ಎಂಬ ಪ್ರಶ್ನೆಗೆ ಬೆಟ್ಟದ ಕೆಳಗಿರುವ ತಿರುಪ್ಪೂರು ಉತ್ತರ ಹೇಳುತ್ತದೆ. ಬನಿಯನ್, ಟೀ ಶರ್ಟುಗಳ ಆ ಊರಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಎಷ್ಟು ಕೆಡಿಸಿತೆಂದರೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬ್ಲೀಚಿಂಗ್, ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಒಂದು ಹತ್ತಿ ಟೀ ಶರ್ಟಿಗೆ, ಹತ್ತಿ ಬೆಳೆಯುವುದೂ ಸೇರಿ, ಸುಮಾರು 2700 ಲೀಟರ್ ನೀರು ಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅಂಗಡಿಯ ಚೀಟಿಯಲ್ಲಿ ಆ ನೀರಿನ ಬೆಲೆ ಇರುವುದಿಲ್ಲ, ಅದನ್ನು ನದಿದಂಡೆಯ ರೈತ ಕಟ್ಟುತ್ತಾನೆ.

ಪಾಲಿಯೆಸ್ಟರ್ ಆದರೆ ಕಥೆ ಬೇರೆ. ಚೆಕ್‌ಪೋಸ್ಟಿನಲ್ಲಿ ಪ್ರವಾಸಿಗರ ಕೈಯಿಂದ ನೀರಿನ ಬಾಟಲಿ ತೆಗೆಸುವ ಜಿಲ್ಲೆ ನಮ್ಮದು. ಆ ಬಾಟಲಿ ಮತ್ತು ಪಾಲಿಯೆಸ್ಟರ್ ನೂಲು ಎರಡೂ ಪೆಟ್ ಎಂಬ ಒಂದೇ ಪ್ಲಾಸ್ಟಿಕ್. ಒಗೆದಾಗಲೆಲ್ಲ ಅದರ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಹೀಗಿರುವಾಗ ಪ್ರತಿ ಹಬ್ಬಕ್ಕೆ, ಪ್ರತಿ ಸಮಾವೇಶಕ್ಕೆ ಹೊಸ ಪಾಲಿಯೆಸ್ಟರ್ ಟೀ ಶರ್ಟು ಮುದ್ರಿಸುವ ಯುವಜನರ ಪದ್ಧತಿ ಯಾಕೆ ಬೇಕು? ಸಮಾವೇಶದ ವಿಷಯ ಪರಿಸರ ಸಂರಕ್ಷಣೆ ಎಂದಿದ್ದರಂತೂ ನಗಬೇಕೋ ಅಳಬೇಕೋ ತಿಳಿಯದು. 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಎಚ್ಚರಿಸಿದ್ದು ಬಳಸಿ ಎಸೆಯುವ ಈ ಸಂಸ್ಕೃತಿಯನ್ನೇ ಕುರಿತು.

ಹಾಗಾದರೆ ಮಾಡುವುದೇನು? ಈ ವರ್ಷದ ಟೀ ಶರ್ಟಿನ ಹಣದಲ್ಲಿ ಸೂಜಿ, ದಾರ, ಗುಂಡಿ, ಒಳ್ಳೆಯ ಎರಡು ಕತ್ತರಿ ಕೊಳ್ಳೋಣ. ತಿಂಗಳಿಗೊಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಪ್ಯಾರಿಷ್ ಹಾಲಿನಲ್ಲಿ ಕೂತು ಬಂದ ಬಟ್ಟೆಗಳನ್ನು ಸರಿಮಾಡೋಣ. ಗುಂಡಿ, ಬಿಟ್ಟ ಹೊಲಿಗೆ, ಕೆಳಗಿನ ಮಡಿಕೆ ಕೈಯಲ್ಲೇ ಆಗುವ ಕೆಲಸ. ಜಿಪ್ ಇದ್ದರೆ ಟೈಲರ್ ಅಣ್ಣನಿಗೆ ಕೂಲಿ ಕೊಟ್ಟು ಹಾಕಿಸೋಣ. ರೆಡಿಮೇಡ್ ಬಂದಮೇಲೆ ಅವರಿಗೂ ಕೆಲಸ ಕಡಿಮೆಯಾಗಿದೆ.

ಸರಿಮಾಡಲಾಗದ ಬಟ್ಟೆಗೂ ಉಪಯೋಗವಿದೆ, ಆದರೆ ಯಾವ ನೂಲೆಂದು ತಿಳಿದಿರಬೇಕು. ಒಂದು ಎಳೆ ತೆಗೆದು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಥರದ ಕೃತಕ ನೂಲು. ಹಳೆ ಹತ್ತಿ ಸೀರೆ ಕೌದಿಗೆ ಒಳ್ಳೆಯದು. ಬನಿಯನ್ ಬಟ್ಟೆ ನೀರು ಹೀರುವುದರಿಂದ ಒರೆಸಲು ಆಗುತ್ತದೆ. ಕೈಯಲ್ಲಿ ಹೆಣೆದ ಸ್ವೆಟರನ್ನು ಬಿಚ್ಚಿ, ಎಳೆ ಸುತ್ತಿ, ಒಗೆದು ಒಣಗಿಸಿದರೆ ಮಕ್ಕಳ ಟೋಪಿಯಾಗುತ್ತದೆ. ಇದನ್ನು ಕಲಿಸಲು ನಮ್ಮ ಅಜ್ಜಿಯರು ಇನ್ನೂ ಇದ್ದಾರೆ. ಕರೆಯುವವರಿಗಾಗಿ ಕಾಯುತ್ತಿದ್ದಾರೆ.

ಹಿರಿಯರಲ್ಲಿ ನಮ್ಮ ಒಂದೇ ಬಿನ್ನಹ. ಮೂಟೆ ಕಟ್ಟುವ ಮುಂಚೆ ಪ್ರತಿ ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ನಮ್ಮ ಮಗು ಇದನ್ನು ಹಾಕಿಕೊಂಡು ಪೂಜೆಗೆ ಬರಬಹುದೇ ಎಂದು ಕೇಳಿಕೊಳ್ಳಿ. ಬರಬಹುದಾದರೆ ಕೊಡಿ. ಹೊಲಿದರೆ ಬರಬಹುದು ಎಂದಾದರೆ ಹೊಲಿದು ಕೊಡಿ, ಇಲ್ಲವೇ ಹೊಲಿಯಲು ನೀವೂ ಬನ್ನಿ. ಎರಡೂ ಅಲ್ಲವೆಂದರೆ ದಯವಿಟ್ಟು ಹಾಡಿಯ ದಾರಿ ತೋರಿಸಬೇಡಿ.