ರೋಸ್ ಗಿಡ ಕೀಳೋ ಮುಂಚೆ ಒಂದು ಸಲ ಕತ್ತರಿ ಹಾಕಿ ನೋಡಿ

ಇವತ್ತು ಸ್ವಲ್ಪ ಖಾರವಾಗಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಮೊನ್ನೆ ನಮ್ಮ ಪಕ್ಕದ ತೋಟದವರು ಜೆಸಿಬಿ ತರಿಸಿ ಅರ್ಧ ಎಕರೆ ಮಿರಾಬುಲ್ ರೋಸ್ ಕೀಳಿಸಿಬಿಟ್ರು. "ಗಿಡಕ್ಕೆ ವಯಸ್ಸಾಯ್ತಣ್ಣ, ಹೂ ಸಣ್ಣ ಬರ್ತಾವೆ, ಮಂಡಿಯಲ್ಲಿ ಕೇಳೋರಿಲ್ಲ" ಅಂದ್ರು. ಕಿತ್ತು ಹಾಕಿದ ಗಿಡ ಎತ್ತಿ ನೋಡಿದೆ. ಬುಡ ಹೆಬ್ಬೆರಳಿಗಿಂತ ದಪ್ಪ, ಬೇರು ಗಟ್ಟಿ. ಐದೇ ವರ್ಷದ ಗಿಡ. ಮೇಲೆ ನೋಡಿದ್ರೆ ಆಳೆತ್ತರದ ಪೊದೆ, ಅರ್ಧಕ್ಕರ್ಧ ಒಣಕಡ್ಡಿ. ಎರಡು ವರ್ಷದಿಂದ ಕತ್ತರಿ ಮುಟ್ಟಿಸಿಲ್ಲ. ಅದಕ್ಕೆ ವಯಸ್ಸಾಗಿದೆ ಅಂದ್ರೆ ನಾನು ಒಪ್ಪಲ್ಲ.

ನಾನೇನು ಮೊದಲಿಂದ ಬುದ್ಧಿವಂತ ಅಲ್ಲ. ನನ್ನ 20 ಗುಂಟೆಯಲ್ಲೂ ಇದೇ ಆಗಿತ್ತು. ಹೂ ಸಣ್ಣ ಆದಾಗ ಗೊಬ್ಬರದ ಅಂಗಡಿಗೆ ಹೋದೆ. ಒಂದು ಬಾಟಲಿ ಟಾನಿಕ್ ಕೊಟ್ರು, ಜೊತೆಗೆ ಯೂರಿಯಾ ಜಾಸ್ತಿ ಹಾಕಿ ಅಂದ್ರು. ಹಾಕಿದೆ. ಹತ್ತು ದಿನದಲ್ಲಿ ತೋಟ ಹಸಿರೋ ಹಸಿರು. ಆ ಎಳೇ ಚಿಗುರಿಗೆ ಥ್ರಿಪ್ಸ್ ಬಂತು, ಹಿಂದೆನೇ ಬೂದಿ ರೋಗ. ಅದಕ್ಕೆ ಔಷಧಿ ಬೇಕು ಅಂತ ಮತ್ತೆ ಅದೇ ಅಂಗಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ದುಡ್ಡು ಎಣಿಸೋವಾಗ ನಾನು ಅಂಗಡಿ ಬಾಕಿ ಎಣಿಸ್ತಿದ್ದೆ. "ಗಿಡಕ್ಕೆ ಹಾಕಿದ್ದೆಲ್ಲ ಎಲೆಗೆ ಹೋಯ್ತು" ಅಂತ ನಮ್ಮ ಮನೆಯವಳು ಅಂದ ಮಾತು ಇನ್ನೂ ಕಿವಿಯಲ್ಲಿದೆ.

ವಿಷಯ ಇಷ್ಟೇ. ರೋಸ್ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ದಪ್ಪ ಕಡ್ಡಿಯಿಂದ ಬಂದ ಚಿಗುರಿಗೆ ದಪ್ಪ ಹೂ, ಕಡ್ಡಿಪುಡಿಯಂಥ ಕೊಂಬೆಗೆ ಬಡಕಲು ಹೂ. ಸವರದ ಗಿಡಕ್ಕೆ ಎಷ್ಟು ಗೊಬ್ಬರ ಸುರಿದರೂ ಅದು ನೂರು ಸಣ್ಣ ಕೊಂಬೆಗೆ ಹಂಚಿ ಹೋಗುತ್ತೆ. ಮೊದಲು ಕತ್ತರಿ, ಆಮೇಲೆ ಗೊಬ್ಬರ. ಇದನ್ನ ತಿರುಗಾ ಮುರುಗಾ ಮಾಡಿದ್ರೆ ಅಂಗಡಿಯವರಿಗೆ ಲಾಭ, ನಮಗೆ ದಂಡ.

ಯಾಕೆ ಸವರಲ್ಲ ಅಂತ ನನಗೂ ಗೊತ್ತು. ಕತ್ತರಿ ಹಾಕಿದ್ರೆ 45 ದಿನ ಹೂ ಇಲ್ಲ. ದಿನಾ ಹೂವಿನ ಕಾಸಲ್ಲೇ ಮನೆ ನಡೀಬೇಕು, ವಾರಕ್ಕೊಂದು ಸಲ ಸಂಘದ ಕಂತು ಕಟ್ಟಬೇಕು. ಇದು ಸುಳ್ಳಲ್ಲ. ಆದ್ರೆ ಪೂರ್ತಿ ತೋಟ ಒಂದೇ ಸಲ ಸವರಿ ಅಂದವರ್ಯಾರು? ಅರ್ಧ ತೋಟಕ್ಕೆ ಆಷಾಢ ಹುಟ್ಟೋ ಆಸುಪಾಸಲ್ಲಿ ಹಾಕಿ. ಆಷಾಢದಲ್ಲಿ ಮದುವೆ ಇಲ್ಲ, ಹೂವಿಗೆ ರೇಟಿಲ್ಲ, ಕಳ್ಕೊಳ್ಳೋದೂ ಅಷ್ಟಕ್ಕಷ್ಟೇ. ಆ ಹೂ ವರಮಹಾಲಕ್ಷ್ಮಿಗೆ ಬರುತ್ತೆ. ಉಳಿದರ್ಧಕ್ಕೆ ಮೂರು ವಾರ ಬಿಟ್ಟು ಹಾಕಿ, ಅದು ಗೌರಿ ಗಣೇಶಕ್ಕೆ ಬರುತ್ತೆ. ಪಂಚಾಂಗ ಮನೆಯಲ್ಲೇ ಇದೆ, ಹಬ್ಬದಿಂದ ಹಿಂದಕ್ಕೆ 45 ದಿನ ಎಣಿಸಿ. ಚಳಿಗಾಲ ಆದ್ರೆ ಒಂದು ವಾರ ಜಾಸ್ತಿ ಇಟ್ಕೊಳ್ಳಿ.

ನಾನು ಮಾಡೋದು ಹೀಗೆ:

ಒಣಗಿದ್ದು, ರೋಗದ್ದು, ಒಂದಕ್ಕೊಂದು ಉಜ್ಜೋ ಕೊಂಬೆ ಮೊದಲು ತೆಗೀರಿ. ಕಸಿ ಗಂಟಿನ ಕೆಳಗಿಂದ ಬಂದ ಕಾಡು ಚಿಗುರು ಬುಡದಿಂದಲೇ ಕಿತ್ತು ಹಾಕಿ. ನಾಲ್ಕೈದು ಗಟ್ಟಿ ಕೊಂಬೆ ಮೊಣಕಾಲೆತ್ತರಕ್ಕೆ ಬಿಡಿ. ಹೊರಗಡೆ ಮುಖ ಮಾಡಿದ ಕಣ್ಣಿನ ಮೇಲೆ, ಕಾಲು ಇಂಚು ಬಿಟ್ಟು, ಓರೆಯಾಗಿ ಕತ್ತರಿಸಿ. ಕತ್ತರಿ ಹರಿತ ಇರಲಿ, ಸಿಗಿದ ಕೊಂಬೆ ತುದಿಯಿಂದ ಒಣಗ್ತಾ ಬರುತ್ತೆ. ಅವತ್ತೇ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಹೊಡೀರಿ. ಕಪ್ಪು ಚುಕ್ಕೆ ಬಿದ್ದ ಎಲೆ, ಕಡ್ಡಿ ತೋಟದೊಳಗೆ ಬಿಡಬೇಡಿ.

ಆಮೇಲೆ ಬುಡದಿಂದ ಅರ್ಧ ಅಡಿ ದೂರ ಪಾತಿ ಕೆದಕಿ ಒಂದು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಹಾಕಿ ಮಣ್ಣು ಮುಚ್ಚಿ. ಎಲೆನೇ ಇಲ್ಲದ ಗಿಡಕ್ಕೆ ಯೂರಿಯಾ ಸುರಿಯಬೇಡಿ. ಚಿಗುರು ನಾಲ್ಕು ಬೆರಳು ಬಂದ ಮೇಲೆ ಸ್ವಲ್ಪ ಸ್ವಲ್ಪ ಕೊಡಿ. ಮೊಗ್ಗು ಬಟಾಣಿ ಕಾಳಷ್ಟಾದಾಗ ಯೂರಿಯಾ ನಿಲ್ಲಿಸಿ, ಡ್ರಿಪ್ಪಲ್ಲಿ 0:0:50 ಬಿಡಿ.

ಇನ್ನೊಂದು ಮಾತು. ಎಲೆ ಹಳದಿ ಆದ ತಕ್ಷಣ ಯೂರಿಯಾ ಚೀಲಕ್ಕೆ ಕೈ ಹಾಕಬೇಡಿ. ಹಳೇ ಎಲೆ ಪೂರ್ತಿ ಹಳದಿ ಆದ್ರೆ ಸಾರಜನಕದ ಕೊರತೆ ಇರಬಹುದು. ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶ ಜಾಸ್ತಿ ಇರೋ ಬೋರ್‌ವೆಲ್ ನೀರಲ್ಲಿ ಇದು ಮಾಮೂಲಿ. ಅದಕ್ಕೆ ಯೂರಿಯಾ ಹಾಕೋದು, ತಲೆನೋವಿಗೆ ಹೊಟ್ಟೆ ಮಾತ್ರೆ ನುಂಗಿದ ಹಾಗೆ.

ಪಕ್ಕದ ತೋಟ ಈಗ ಬಯಲು. ಹೊಸ ಸಸಿ, ಗುಂಡಿ, ಆಳು ಕೂಲಿಗೆ ಮತ್ತೆ ಸಾಲ. ಅದು ಸಿಗದಿದ್ರೆ ಲೇಔಟಿನವರು ಗೇಟ್ ಹತ್ರ ಕಾಯ್ತಾನೇ ಇದ್ದಾರೆ. ಒಂದು ಕತ್ತರಿ, ಎರಡು ದಿನದ ಕೂಲಿ, 45 ದಿನದ ತಾಳ್ಮೆ ಇದ್ದಿದ್ರೆ ಉಳೀತಿತ್ತು. ಕೀಳಬೇಕು ಅಂತಿರೋರು ಇನ್ನೂ ಯಾರಾದ್ರೂ ಇದ್ರೆ, ಮೊದಲು ಎರಡು ಸಾಲಿಗೆ ಕತ್ತರಿ ಹಾಕಿ ನೋಡಿ. ಹೂ ಬರದಿದ್ರೆ ನನ್ನ ತೋಟಕ್ಕೇ ಬಂದು ಬೈಯಿರಿ.